ಕಿಟಕಿ ಮುಚ್ಚಬೇಡಿ

ಹೋದ ತಿಂಗಳು ಕಂಪ್ಯೂಟರಿಗೆ ಹೊಸ ಆವೃತ್ತಿ ಹಾಕಿಸಿಕೊಂಡೆ. ಹಾಕಿಸಿಕೊಂಡೆ ಅಂದರೆ ನಾನೇ ಹಾಕಿಕೊಂಡೆ. ಈ ಬಿಟ್ಟಿ ಸಾಫ್ಟ್‌ವೇರಿನ ಲೋಕದಲ್ಲಿ ಯಾರೂ ಬಂದು ಏನೂ ಹಾಕಿಕೊಡುವುದಿಲ್ಲ. ಆರಿಸಿ, ಮತ್ತೆ ಹಚ್ಚಿ, ಗುಪ್ತಪದ ಒತ್ತಿ ಒಳಗೆ ಹೋದರೆ ಎದುರಿಗೆ ಖಾಲಿ ನೀಲಿ. ಹಿಂದಿನ ಸಂಜೆ ನಾನು ತೆರೆದಿಟ್ಟು ಎದ್ದುಹೋಗಿದ್ದ ಕಿಟಕಿಗಳಲ್ಲಿ ಒಂದೂ ಇಲ್ಲ. ಫೈಲುಗಳಿಗೇನೂ ಆಗಿರಲಿಲ್ಲ, ಎಲ್ಲ ಒಳಗೆ ಕ್ಷೇಮವಾಗಿದ್ದವು. ಆದರೆ ಯಾವುದರ ಪಕ್ಕ ಯಾವುದಿತ್ತು, ಯಾವ ಸಾಲಿನ ಮೇಲೆ ಕಣ್ಣಿಟ್ಟು ನಾನು ಎದ್ದಿದ್ದೆ, ಅದು ಮಾತ್ರ ಆ ಡಬ್ಬಿಗೆ ಗೊತ್ತಿಲ್ಲ. ಥೂ ನಿನ್ನ, ಇಷ್ಟು ವರ್ಷವಾದರೂ ಬುದ್ಧಿ ಬರಲಿಲ್ಲವಲ್ಲ ಅಂತ ಜೋರಾಗಿಯೇ ಬೈದೆ. ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲದ್ದರಿಂದ ಇನ್ನೊಂದು ಸಲವೂ ಬೈದೆ.

ಆ ನೀಲಿಯನ್ನು ನೋಡುತ್ತ ಕೂತಿದ್ದಾಗಲೇ ಮೂಗಿಗೆ ಒದ್ದೆ ಗೋಣಿಚೀಲದ ವಾಸನೆ ಬಂತು. ಹುಬ್ಬಳ್ಳಿಯ ನನ್ನ ಮೂರನೇ ಮಹಡಿಯ ಮನೆಯಲ್ಲಿ ಗೋಣಿಚೀಲ ಎಲ್ಲಿಂದ ಬರಬೇಕು? ಎದ್ದು ಅಡುಗೆಮನೆಗೆ ಹೋಗಿ ಹುಡುಕಿದೆ ಕೂಡ. ಆ ವಾರ ಮೈಸೂರಿನಲ್ಲಿ ಒಂದು ಮದುವೆಯಿತ್ತು, ಹೋಗುವುದಿಲ್ಲ ಅಂತ ಹೇಳಿಯೂ ಆಗಿತ್ತು. ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು ಹೊರಟೆ. ಮದುವೆಗಲ್ಲ, ಪಾಂಡವಪುರಕ್ಕೆ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ನಾನು ಆ ಊರಿನಲ್ಲಿ ಒಂದು ವರ್ಷ ಇದ್ದೆ. ಆಗ ನನಗೆ ಮೂವತ್ತರ ಹತ್ತಿರ. ಗಂಡನ ಮನೆ ದಾವಣಗೆರೆ. ನಮ್ಮಿಬ್ಬರ ನಡುವೆ ಜಗಳ ಅನ್ನುವಂಥ ಜಗಳ ಏನೂ ಆಗಿರಲಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದೆವು, ಅಷ್ಟೇ. ಒಂದಷ್ಟು ದಿನ ದೂರ ಇದ್ದು ನೋಡೋಣ ಅಂದವಳು ನಾನು. ನೋಡು ಅಂದವರು ಅವರು. ನಿನ್ನ ಜಾಗ ಎಲ್ಲಿಗೂ ಹೋಗುವುದಿಲ್ಲ, ಎಲ್ಲ ಇದ್ದ ಹಾಗೇ ಇರುತ್ತೆ, ಬೇಕಾದಾಗ ಬಾ ಅಂತಲೂ ಅಂದರು. ಆ ಮಾತೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ ಅಂದರೂ ತಪ್ಪಲ್ಲ. ಆ ವರ್ಷವಿಡೀ ನನಗಿದ್ದದ್ದು ಒಂದೇ ಚಿಂತೆ: ನಾನು ಎಲ್ಲಿ ಬಿಟ್ಟು ಬಂದಿದ್ದೆನೋ ಅಲ್ಲಿ ನನ್ನ ಜಾಗ ಇನ್ನೂ ಇದೆಯೋ ಇಲ್ಲವೋ.

ಕೆಲಸ ಮೈಸೂರಿನ ಒಂದು ಸಣ್ಣ ಸಂಸ್ಥೆಯದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನ ನಾಲೆ, ಕೆರೆ, ತೂಬುಗಳ ಹಳೆಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಬಿಡಿಸಬೇಕು. ಬೆಳಿಗ್ಗೆ ಬಸ್ಸು ಹತ್ತಿ ಊರೂರಿಗೆ ಹೋಗಿ ನಾಲೆ ನಿಜವಾಗಿ ಎಲ್ಲಿ ತಿರುಗುತ್ತದೆ ಅಂತ ನೋಡಿ ಬರುವುದು, ಮಧ್ಯಾಹ್ನದ ಮೇಲೆ ಕೂತು ಗೆರೆ ಎಳೆಯುವುದು. ಸಂಸ್ಥೆಯ ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರು ಅಂದರೆ ಅವರಿಗೆ ಮೈಯೆಲ್ಲ ಉರಿ. ಮೇಜಿನ ಮೇಲೆ ಲಿನಕ್ಸಿನ ಸಿ.ಡಿ. ಇಟ್ಟು, ಇದು ಬಿಟ್ಟಿ ಅಂತ ಅಲ್ಲಮ್ಮ, ಇದು ಎಲ್ಲರದೂ ಅಂದರು. ಎಲ್ಲರದ್ದೂ ಆದ ವಸ್ತುವಿಗೆ, ಕೆಟ್ಟರೆ ಯಾರೂ ರಿಪೇರಿ ಮಾಡಿಸದ ಊರ ಮುಂದಿನ ಬೋರ್‌ವೆಲ್ಲಿನ ಗತಿ ಅಂತ ಆಗ ನನಗೆ ಗೊತ್ತಿರಲಿಲ್ಲ.

ಕಚೇರಿ ಅಂತ ಬೇರೆ ಇರಲಿಲ್ಲ. ನಾನು ಬಾಡಿಗೆಗೆ ಹಿಡಿದ ಕೋಣೆಯೇ ಕಚೇರಿ. ಪಾಂಡವಪುರದ ಪೇಟೆಯಿಂದ ಸ್ವಲ್ಪ ಹೊರಗೆ, ತಾಯಮ್ಮನವರ ಮನೆಯ ಮಹಡಿ ಕೋಣೆ. ತಾಯಮ್ಮನವರಿಗೆ ಐವತ್ತರ ಮೇಲಿರಬೇಕು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ನಾಗರಾಜ ಲಾರಿ ಡ್ರೈವರು, ಇವತ್ತು ಇಲ್ಲಿದ್ದರೆ ನಾಳೆ ನಾಗಪುರದಲ್ಲಿ. ಅವನು ಯಾವ ಹೊತ್ತಿಗೆ ಬರುತ್ತಾನೋ ಅಂತ ಆಕೆ ಮುಂಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ನೋಡಿಲ್ಲ. ಎರಡು ಎಮ್ಮೆ, ಡೇರಿಗೆ ಹಾಲು, ಅಂಗಳದಲ್ಲಿ ಒಂದು ನುಗ್ಗೆಮರ. ನನ್ನ ಹೆಸರು ಗಿರಿಜಾ ಅಂದಿದ್ದಕ್ಕೆ ಮೊದಲ ದಿನವೇ ಗಿರ್ಜಮ್ಮ ಮಾಡಿಬಿಟ್ಟರು. ಕೋಣೆಗೆ ಎರಡು ಕಿಟಕಿ. ಕಬ್ಬಿಣದ ಸರಳು, ಮರದ ಬಾಗಿಲುಗಳು. ಒಂದರಲ್ಲಿ ಕುಂತಿಬೆಟ್ಟ, ಇನ್ನೊಂದರಲ್ಲಿ ಎದುರುಮನೆಯ ಹುಲ್ಲಿನ ಬಣವೆ. ಕಬ್ಬು ಅರೆಯುವ ಕಾಲದಲ್ಲಿ ಎರಡರಿಂದಲೂ ಕಾಕಂಬಿಯ ವಾಸನೆ ಒಳಗೆ ಬಂದು ಹಾಸಿಗೆಗೂ ಹತ್ತಿಕೊಳ್ಳುತ್ತಿತ್ತು.

ಈಗ ನನ್ನ ಸಿಟ್ಟಿನ ವಿಷಯ. ನಕ್ಷೆಯ ಕೆಲಸಕ್ಕೆ ತೆರೆಯ ಮೇಲೆ ನಾಲ್ಕಾರು ಕಿಟಕಿ ಒಟ್ಟಿಗೆ ಬೇಕು. ಎಡಕ್ಕೆ ಹಳೆಯ ನಕ್ಷೆಯ ಚಿತ್ರ, ಬಲಕ್ಕೆ ನಾನು ಗೆರೆ ಎಳೆಯುವ ಹಾಳೆ, ಕೆಳಗೆ ತೂಬುಗಳ ಹೆಸರು, ಮೂಲೆಯಲ್ಲಿ ಅಳತೆಯ ಲೆಕ್ಕ. ಎಲ್ಲವನ್ನೂ ಎಳೆದು, ಸರಿಸಿ, ಹಿಗ್ಗಿಸಿ, ಎರಡೂ ನಕ್ಷೆಗಳಲ್ಲಿ ಒಂದೇ ತಿರುವನ್ನು ಹುಡುಕಿ ಎದುರುಬದುರು ನಿಲ್ಲಿಸುವ ಹೊತ್ತಿಗೆ ಅರ್ಧ ಮಧ್ಯಾಹ್ನ ಕಳೆಯುತ್ತಿತ್ತು. ಕೈ ಪಳಗಿ ಇನ್ನೇನು ಗೆರೆ ಓಡತೊಡಗಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಹಚ್ಚಿದರೆ ಖಾಲಿ ತೆರೆ. ಮತ್ತೆ ಮೊದಲಿನಿಂದ ಅಂಗಡಿ ಹರಡಬೇಕು.

ಕಂಪ್ಯೂಟರು ಆರಿಸುವಾಗ ಆ ಡೆಸ್ಕ್‌ಟಾಪು ಒಂದು ಪ್ರಶ್ನೆ ಕೇಳುತ್ತಿತ್ತು, ಈಗಿರುವುದನ್ನು ಹೀಗೇ ಉಳಿಸಲೇ ಅಂತ. ಪಕ್ಕದಲ್ಲೊಂದು ಚೌಕ. ಆ ಚೌಕದಲ್ಲಿ ಗುರುತು ಹಾಕಿದ ದಿನ ನಾನು ಎಷ್ಟು ಖುಷಿಪಟ್ಟಿದ್ದೆ ಅಂತೀರಿ! ಮರುದಿನ ಹಚ್ಚಿ ನೋಡಿದರೆ ಗಡಿಯಾರದ ಕಿಟಕಿ ಒಂದೇ ವಾಪಸ್ಸು ಬಂದು ಮೂಲೆಯಲ್ಲಿ ನಿಂತಿತ್ತು, ಮದುವೆ ಮುಗಿದ ಮೇಲೆ ಬಂದ ನೆಂಟನ ಹಾಗೆ. ಉಳಿದ ಯಾವುದಕ್ಕೂ ಆ ಚೌಕದ ವಿಷಯ ಯಾರೂ ಹೇಳಿರಲಿಲ್ಲ. ಗಡಿಯಾರ ನನ್ನ ಕೈಯಲ್ಲೇ ಇತ್ತಲ್ಲ ಮಾರಾಯ, ಅದನ್ನು ಉಳಿಸು ಅಂತ ನಿನ್ನನ್ನು ಯಾರು ಕೇಳಿದರು?

ಮೈಸೂರಿಗೆ ಹೋದಾಗ ಮೇಷ್ಟ್ರ ಮಿಂಚಂಚೆಯಿಂದ ಆ ಸಾಫ್ಟ್‌ವೇರು ಬರೆಯುವವರ ಗುಂಪಿಗೆ ಒಂದು ದೂರು ಕಳಿಸಿದೆ. ಕರೆಂಟು ಹೋಗುವ ಊರಿನಲ್ಲಿ ಕೂತಿದ್ದೇನೆ, ದಯವಿಟ್ಟು ಇದೊಂದನ್ನು ಸರಿಮಾಡಿ ಅಂತ ಬೇಡಿಕೊಂಡೆ. ಯಾವುದೋ ದೇಶದಿಂದ ಒಬ್ಬ ಪುಣ್ಯಾತ್ಮ ಉತ್ತರ ಬರೆದ. ಒಳ್ಳೆಯ ಸಲಹೆ, ನೀವೇ ಬರೆದು ಕಳಿಸಿದರೆ ಸೇರಿಸಿಕೊಳ್ಳುತ್ತೇವೆ. ಬಾವಿಗೆ ಹಗ್ಗವಿಲ್ಲ ಅಂದರೆ ಹಗ್ಗ ಹೊಸೆದುಕೊಂಡು ಬನ್ನಿ ಅಂದ ಹಾಗಾಯಿತು. ಮೇಷ್ಟ್ರು ಅದನ್ನು ಓದಿ ಬಿದ್ದುಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಭಾನುವಾರಗಳನ್ನು ಕಳೆಯುವುದು ಕಷ್ಟವಾಗುತ್ತಿತ್ತು. ಎಸ್.ಟಿ.ಡಿ. ಬೂತಿಗೆ ಹೋಗಿ ದಾವಣಗೆರೆಗೆ ಫೋನು ಮಾಡುತ್ತಿದ್ದೆ. ಹಿಂದಿನ ವಾರ ಮಾತಾಡಿ ಮಾತಾಡಿ ಎಲ್ಲೋ ಒಂದು ಕಡೆಗೆ ಬಂದು ನಿಂತಿರುತ್ತಿದ್ದೆವು, ಇಬ್ಬರ ದನಿಯೂ ಸ್ವಲ್ಪ ಮೆತ್ತಗಾಗಿರುತ್ತಿತ್ತು. ಈ ವಾರ ಅಲ್ಲಿಂದ ಮುಂದಕ್ಕೆ ಹೋಗೋಣ ಅಂದುಕೊಂಡು ನಾನು ಫೋನು ಎತ್ತಿದರೆ, ಅವರು ಮತ್ತೆ ಮೊದಲನೇ ದಿನದ ಮಾತಿನಿಂದಲೇ ಶುರುಮಾಡುತ್ತಿದ್ದರು. ಅಥವಾ ನಾನೇ ಮಾಡುತ್ತಿದ್ದೆ. ಬೂತಿನ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದಾಗ ಊರೆಲ್ಲ ಊಟ ಮುಗಿಸಿ ಮಲಗಿರುತ್ತಿತ್ತು. ಬಸ್ಸು ಸಿಕ್ಕರೆ ತೊಣ್ಣೂರಿಗೆ ಹೋಗಿ ಕೆರೆಯ ಏರಿಯ ಮೇಲೆ ಕೂರುತ್ತಿದ್ದೆ. ಅಷ್ಟು ನೀರನ್ನು ಒಬ್ಬಳೇ ಕೂತು ನೋಡುವುದು ಒಳ್ಳೆಯದಲ್ಲ ಅಂತ ತಾಯಮ್ಮನವರು ಅನ್ನುತ್ತಿದ್ದರು. ಅವರು ಹೆದರಿದ್ದು ಯಾವುದಕ್ಕೆ ಅಂತ ಆಮೇಲೆ ಗೊತ್ತಾಯಿತು. ಅಂಥದ್ದೇನೂ ನನ್ನ ಮನಸ್ಸಿನಲ್ಲಿರಲಿಲ್ಲ. ಯಾರಿಗೂ ನಾನು ಬೇಕಾಗಿಲ್ಲ ಅಂತ ಅನ್ನಿಸುತ್ತಿತ್ತು, ಅದು ನಿಜ.

ಕರೆಂಟಿನ ಕಾಟಕ್ಕೆ ಮೇಷ್ಟ್ರು ಒಂದು ಹಳೆಯ ಯು.ಪಿ.ಎಸ್. ಕಳಿಸಿದರು. ಅದರ ಬ್ಯಾಟರಿ ಸತ್ತಿತ್ತು. ಗೋಣಿಯಲ್ಲಿ ಸುತ್ತಿ ಶ್ರೀರಂಗಪಟ್ಟಣಕ್ಕೆ ಹೊತ್ತುಕೊಂಡು ಹೋಗಿ, ಪೇಟೆಬೀದಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ ಇನಾಯತ್ ಭಾಯಿಗೆ ತೋರಿಸಿದೆ. ಬೇರೆ ಬ್ಯಾಟರಿ ಹಾಕಿಕೊಟ್ಟು ಅವರು ಹೇಳಿದ್ದಿಷ್ಟೇ: "ಮೇಡಂ, ಇದು ಒಂದು ಚಾ ಕುಡಿಯೋಷ್ಟು ಹೊತ್ತು ತಡೀತದೆ. ಬಿರಿಯಾನಿ ತಿನ್ನೋಕೆ ಹೋಗ್ಬ್ಯಾಡಿ." ಸಣ್ಣಪುಟ್ಟ ಕರೆಂಟು ಕಡಿತಕ್ಕೆ ಅಷ್ಟು ಸಾಕಿತ್ತು. ಅಲ್ಲಿಂದಾಚೆ ನಾನು ಕಂಪ್ಯೂಟರನ್ನು ಆರಿಸುವುದನ್ನೇ ಬಿಟ್ಟುಬಿಟ್ಟೆ. ಹಗಲೂ ರಾತ್ರಿ ಉರಿಯಲಿ, ನನ್ನ ಕಿಟಕಿಗಳು ನಾನಿಟ್ಟ ಜಾಗದಲ್ಲಿ ನಿಂತಿರಲಿ ಅಂತ ಹಟ. ನಾಲೆಗಳ ಸೈಟಿನಿಂದ ಬಂದು ಕೋಣೆಯ ಬಾಗಿಲು ತೆರೆದಾಗ ಎಲ್ಲ ಇದ್ದ ಹಾಗೇ ಇರುವುದನ್ನು ನೋಡಿ ಎಷ್ಟು ನೆಮ್ಮದಿಯಾಗುತ್ತಿತ್ತೆಂದರೆ, ಹೇಳಿದರೆ ನಗುತ್ತೀರಿ.

ತಾಯಮ್ಮನವರು ದಿನಾ ಬೆಳಿಗ್ಗೆ ಕೋಣೆ ಗುಡಿಸುತ್ತಿದ್ದರು. ಬೇಡ ಅಂದರೂ ಕೇಳುತ್ತಿರಲಿಲ್ಲ. ಒಂದು ದಿನ ಜೋರು ಗಾಳಿ, ಬೀದಿಯ ದೂಳೆಲ್ಲ ಒಳಗೆ. ಅವರು ಎರಡೂ ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ತಂದು ಮೇಜು ಒರೆಸಿ, ಜೊತೆಗೆ ಮೌಸನ್ನೂ ಕೀಲಿಮಣೆಯನ್ನೂ ಚೆನ್ನಾಗಿ ತಿಕ್ಕಿದ್ದರು. ಯಾವ ಗುಂಡಿ ಒತ್ತಿತೋ ಏನೋ, ನಾನು ಸ್ನಾನ ಮಾಡಿ ಬಂದು ನೋಡಿದರೆ ತೆರೆಯ ಮೇಲೆ ಏನೂ ಇಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅಯ್ಯೋ ಅಮ್ಮ, ಕಿಟಕಿ ಎಲ್ಲ ಯಾಕೆ ಮುಚ್ಚಿದಿರಿ, ನನ್ನ ಕೆಲಸ ಅಷ್ಟೂ ಹೋಯಿತಲ್ಲ ಅಂತ ಕೂಗಾಡಿದೆ. ಅವರು ಪೆಚ್ಚಾಗಿ ಒಂದು ಸಲ ನನ್ನ ಮುಖ, ಒಂದು ಸಲ ಗೋಡೆ ನೋಡಿದರು. ಹೋಗಿ ಎರಡೂ ಕಿಟಕಿಗಳನ್ನು ದಬಾರಂತ ತೆರೆದು, ಬಾಗಿಲುಗಳು ಗಾಳಿಗೆ ಬಡಿಯದ ಹಾಗೆ ಕಲ್ಲು ಇಟ್ಟು ಕೆಳಗಿಳಿದು ಹೋದರು. ನಾನು ತೆರೆಯ ಕಡೆಗೇ ಮುಖ ಮಾಡಿ ಗೊಣಗುತ್ತಿದ್ದೆನೇ ಹೊರತು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆಮೇಲೆ ಬಣವೆಯ ಮನೆಯ ಹೆಂಗಸು ಒಂದು ದಿನ ನನ್ನನ್ನು ತಡೆದು, ನಿಮ್ಮ ಮಿಷಿನ್ನಿಗೆ ಗಾಳಿ ಆಡದೇ ಇದ್ದರೆ ಉಸಿರು ಕಟ್ಟುತ್ತದಂತೆ, ಹೌದೇ ಅಂತ ಕೇಳಿದಳು. ಒಳಗಿನ ಫ್ಯಾನಿನ ವಿಷಯ ಇರಬೇಕು ಅಂದುಕೊಂಡು ಹೌದು ಅಂದುಬಿಟ್ಟೆ.

ಚಿತ್ತೆ ಮಳೆಯ ಕಾಲ ಬಂತು. ನಾನು ಅಕ್ಕಿಹೆಬ್ಬಾಳಿನ ಕಡೆಯ ನಕ್ಷೆಯಲ್ಲಿದ್ದೆ. ಹೇಮಾವತಿಯ ಆ ತಿರುವುಗಳು ಮುಗಿಯುವಂಥವಲ್ಲ. ಹಳೆಯ ನಕ್ಷೆಯಲ್ಲಿ ನದಿ ಒಂದು ಕಡೆ, ನಾನು ಕಣ್ಣಾರೆ ಕಂಡ ನದಿ ಇನ್ನೊಂದು ಕಡೆ. ಆರು ಕಿಟಕಿ ತೆರೆದು ಜೋಡಿಸಿಟ್ಟಿದ್ದೆ. ಅದೇ ಹೊತ್ತಿಗೆ ಫೋನಿನಲ್ಲಿ ನನ್ನ ಗಂಡ, ಒಂದು ಸಲ ಬಂದು ಹೋಗು, ಎದುರಿಗೆ ಕೂತು ಮಾತಾಡೋಣ ಅಂದರು. ದನಿ ಒಳ್ಳೆಯದಿತ್ತು. ಅಲ್ಲಿ ಏನೇನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಲೇ ಬಟ್ಟೆ ತುಂಬಿಕೊಂಡೆ. ಹೊರಡುವ ಅವಸರದಲ್ಲಿ ಮೆಟ್ಟಿಲ ಮೇಲೆ ನಿಂತು ತಾಯಮ್ಮನವರಿಗೆ ಹೇಳಿದೆ: "ಅಮ್ಮ, ನಾನು ಬರೋವರೆಗೂ ಯಾವ ಕಿಟಕಿನೂ ಮುಚ್ಚಬೇಡಿ. ಎಲ್ಲ ಹಾಗೇ ಇರಲಿ. ಮುಚ್ಚಿದರೆ ನಾನು ಮಾಡಿದ್ದೆಲ್ಲ ಹೋಗಿಬಿಡುತ್ತೆ." ಮಿಷಿನ್ನಿನ ಹತ್ತಿರ ಹೋಗಬೇಡಿ ಅಂತ ಹೇಳುವ ಬದಲು ಹೀಗೆ ಹೇಳಿದರೆ ಮರ್ಯಾದೆ ಅಂದುಕೊಂಡಿದ್ದೆ.

"ಓಗ್ಬುಟ್ಟು ಬಾ ಕಣವ್ವ," ಅಂದರು ತಾಯಮ್ಮ. "ನೀ ಬರೋಗಂಟ ನಾನು ಮುಟ್ಟಾಕಿಲ್ಲ."

ದಾವಣಗೆರೆಯ ಮನೆಯಲ್ಲಿ ನನಗೆ ಕಾಫಿ ಕೊಟ್ಟರು. ಅತಿಥಿಗಳಿಗೆ ಇಟ್ಟ ಲೋಟದಲ್ಲಿ. ಕೈಕಾಲು ತೊಳೆದು ಕೋಣೆಗೆ ಹೋದೆ. ನನ್ನ ಮೇಜು ಇದ್ದ ಜಾಗದಲ್ಲಿ ಹೊಸ ಬೀರು ನಿಂತಿತ್ತು. ಗೂಟದಲ್ಲಿ ನನ್ನ ಹಳೆಯ ಶಾಲು ಇರಲಿಲ್ಲ. ಕನ್ನಡಿಯ ಮೇಲೆ ನಾನು ಅಂಟಿಸಿಬಿಟ್ಟಿದ್ದ ಬಿಂದಿಗಳನ್ನು ಯಾರೋ ಕೆರೆದು ತೆಗೆದಿದ್ದರು, ಅಂಟಿನ ಕಲೆ ಮಾತ್ರ ಉಳಿದಿತ್ತು. ನನ್ನ ಪುಸ್ತಕ, ಬಟ್ಟೆ, ಹೊಲಿಗೆ ಡಬ್ಬಿ ಎಲ್ಲ ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಅಟ್ಟದ ಮೇಲಿದ್ದವು. ಯಾವುದೂ ಕಳೆದಿಲ್ಲ, ನೋಡಿಕೋ ಬೇಕಾದರೆ ಅಂದರು ನನ್ನ ಗಂಡ. ಅದು ಸುಳ್ಳಲ್ಲ. ಯಾವುದೂ ಕಳೆದಿರಲಿಲ್ಲ. ಎಲ್ಲ ಒಳಗೆ ಕ್ಷೇಮವಾಗಿತ್ತು. ಆ ಮನೆಯಲ್ಲಿ ನಾನಿದ್ದ ಗುರುತು ಮಾತ್ರ ಇರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ಅವರು ಎರಡು ಸಲ ಗಡಿಯಾರ ನೋಡಿದರು. ಕೆಟ್ಟವರಲ್ಲ ಅವರು, ಇವತ್ತಿಗೂ ಹಾಗೆ ಹೇಳಲಾರೆ. ಅವರ ದಿನಗಳು ನನ್ನನ್ನು ಬಿಟ್ಟು ಮುಂದಕ್ಕೆ ಹೋಗಿದ್ದವು, ಅಷ್ಟೇ.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಮಳೆ. ನಾಗಮಂಗಲದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ನಿಲ್ದಾಣದ ತಗಡಿನ ಕೆಳಗೆ ನಿಂತು, ನನ್ನನ್ನು ಕಾಯುವವರು ಈ ಭೂಮಿಯ ಮೇಲೆ ಎಲ್ಲೂ ಇಲ್ಲವಲ್ಲ ಅಂತ ಅನ್ನಿಸಿ ಅಳು ಬಂತು. ಹಿಂದಿನ ದಿನ ಬೆಳಿಗ್ಗೆಯಿಂದ ಹಿಡಿದ ಮಳೆಯಂತೆ, ಪಾಂಡವಪುರದ ಕಡೆ ಕಂಬ ಬಿದ್ದು ಕರೆಂಟೇ ಇಲ್ಲವಂತೆ, ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ಇನಾಯತ್ ಭಾಯಿಯ ಬ್ಯಾಟರಿ ಯಾವಾಗಲೋ ಕೈಕೊಟ್ಟಿರುತ್ತದೆ, ಆರು ಕಿಟಕಿಯೂ ಹೋದವು ಅಂತ ಲೆಕ್ಕ ಹಾಕಿದೆ. ಅದಕ್ಕೂ ಅಳು ಬಂತು. ಯಾವುದಕ್ಕೆ ಎಷ್ಟು ಅಳಬೇಕು ಅನ್ನುವ ಲೆಕ್ಕ ತಪ್ಪಿಹೋಗಿತ್ತು.

ಮನೆ ಸೇರಿದಾಗ ಬೆಳಗಿನ ಹಾಲು ಕರೆಯುವ ಹೊತ್ತು ಮೀರಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಗಳು ಕೂಗುತ್ತಿದ್ದವು. ತಾಯಮ್ಮನವರು ಕೆಳಗೆಲ್ಲೂ ಇಲ್ಲ. ಮೆಟ್ಟಿಲ ಮೇಲಿಂದ ನೀರು ಇಳಿದುಬರುತ್ತಿತ್ತು. ಹತ್ತಿ ಹೋಗಿ ನೋಡಿದೆ.

ಎರಡೂ ಕಿಟಕಿ ಹಾರು ಹೊಡೆದ ಹಾಗೆ ತೆರೆದಿದ್ದವು. ನೆಲದ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು. ನನ್ನ ಹಾಸಿಗೆ ತೊಯ್ದು ತೊಪ್ಪೆ. ಮೇಜಿಗೆ ಕೊಟ್ಟಿಗೆಯ ಟಾರ್ಪಾಲು ಹೊದಿಸಿ, ಸುತ್ತ ಹಗ್ಗ ಬಿಗಿದಿತ್ತು. ಬೆಟ್ಟದ ಕಡೆಯ ಕಿಟಕಿಯಿಂದಲೇ ಇರಚಲು ಜಾಸ್ತಿ. ಆ ಕಿಟಕಿಗೂ ಮೇಜಿಗೂ ನಡುವೆ, ಕಿಟಕಿಗೆ ಬೆನ್ನು ಕೊಟ್ಟು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕುರ್ಚಿಯಲ್ಲಿ ತಾಯಮ್ಮ ಕೂತಿದ್ದರು. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ನನ್ನನ್ನು ಕಂಡು ಅವರ ಮುಖ ಅರಳಿತು.

"ಬಂದ್ಯಾ ನಮ್ಮವ್ವ," ಅಂದರು. "ಒಂದೂ ಮುಚ್ಚಿಲ್ಲ ಕಣವ್ವ. ನೋಡ್ಕೊ, ಯಾವ ಕಿಟ್ಕಿ ಎಂಗಿತ್ತೋ ಅಂಗೇ ಅದೆ. ನಿನ್ನ ಕೆಲ್ಸ ಎಲ್ಲೂ ಓಗಿಲ್ಲ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಆ ನೀರಿನಲ್ಲೇ ಕುಕ್ಕರಿಸಿ, ಅವರ ಮಡಿಲಲ್ಲಿ ಮುಖವಿಟ್ಟು ಅತ್ತೆ. ನಾಗಮಂಗಲದಲ್ಲಿ ಅತ್ತ ಹಾಗಲ್ಲ, ಚಿಕ್ಕ ಮಗು ಅಳುವ ಹಾಗೆ ಬಾಯಿಬಿಟ್ಟು ಅತ್ತೆ. ಕೆಲಸವೇನಾದರೂ ಕೆಟ್ಟುಹೋಯಿತೋ ಅಂತ ಅವರು ಗಾಬರಿಯಾಗಿ, ಮಳೆಗೆ ಒಂದು ಸಲ ಗಾಳಿ ತಿರುಗಿ ಬಾಗಿಲು ತಾನೇ ಅರ್ಧ ಮುಚ್ಚಿಕೊಂಡಿತ್ತು, ತಕ್ಷಣ ತೆರೆದೆ, ಅಷ್ಟರಲ್ಲೇ ಏನಾದರೂ ಆಯಿತೋ ಏನೋ ಅಂತ ಒಪ್ಪಿಸತೊಡಗಿದರು. ಇಲ್ಲ ಅಮ್ಮ, ಏನೂ ಹೋಗಿಲ್ಲ, ಎಲ್ಲ ಇದೆ ಅಂದೆ. ಮೂಗು ಬಾಯಿಗೆಲ್ಲ ಆ ಒದ್ದೆ ಗೋಣಿಯ ವಾಸನೆ ತುಂಬಿಕೊಂಡಿತ್ತು.

ಅವತ್ತೇ ಅವರಿಗೆ ಚಳಿಜ್ವರ ಬಂತು. ನಾಗರಾಜ ಊರಲ್ಲಿರಲಿಲ್ಲ. ಬಣವೆಯ ಮನೆಯವಳು ಎಮ್ಮೆ ಕರೆದುಕೊಟ್ಟಳು. ನಾನು ಹತ್ತಿರ ಹೋದರೆ ಅವು ಒದೆಯುತ್ತಿದ್ದವು. ಗಂಜಿ ಕಾಯಿಸುವುದು, ಕಷಾಯ ಕುದಿಸುವುದು, ಡಾಕ್ಟರನ್ನು ಕರೆತರುವುದು ನನ್ನ ಪಾಲಿನ ಕೆಲಸ. ಜ್ವರ ಎದೆಗೆ ಇಳಿದು ಒಂದೆರಡು ದಿನ ಉಸಿರಾಡುವುದೇ ಕಷ್ಟವಾಯಿತು. ಆಗ ನಾನು ಕಂಪ್ಯೂಟರಿನ ಟಾರ್ಪಾಲನ್ನು ಬಿಚ್ಚಲೂ ಹೋಗಲಿಲ್ಲ. ಈ ಹೆಂಗಸಿಗೆ ಏನಾದರೂ ಆದರೆ ನಾನು ಉಳಿಯುವುದಿಲ್ಲ ಅಂತ ಅನ್ನಿಸಿದ್ದು ನಿಜ. ಆಕೆ ಕಣ್ಣು ಬಿಟ್ಟು, ಒಂದು ಮುದ್ದೆ ಹಿಟ್ಟು, ಬಸ್ಸಾರು ಬೇಕು ಅಂದ ದಿನ ಊರಿಗೆಲ್ಲ ಊಟ ಹಾಕಿಸಬೇಕು ಅನ್ನುವಷ್ಟು ಸಂತೋಷವಾಯಿತು. ಹಿಟ್ಟು ತೊಳಸಲು ಬರದೆ ಗಂಟು ಮಾಡಿಟ್ಟೆ. ಅವರು ಗಂಟುಗಳನ್ನು ಆರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಉಂಡರು.

ಚೇತರಿಸಿಕೊಂಡ ಮೇಲೆ ಅವರನ್ನು ಮೇಲಕ್ಕೆ ಕರೆದೊಯ್ದು ತೆರೆಯ ಮುಂದೆ ಕೂರಿಸಿ ತೋರಿಸಿದೆ. ನಾನು ಕಿಟಕಿ ಅಂತಿದ್ದದ್ದು ಇದನ್ನು, ಇದನ್ನು, ಇದನ್ನು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ತೆರೆಯ ಹಿಂದೆ ಏನಿದೆ ಅಂತಲೂ ಇಣುಕಿದರು.

"ಗಾಳಿ ಬರಾಕಿಲ್ಲ, ಬೆಳಕು ಬರಾಕಿಲ್ಲ, ಇದ್ಯಾವ ಸೀಮೆ ಕಿಟ್ಕಿಯವ್ವ?" ಅಂದರು. ಆಮೇಲೆ ಇಬ್ಬರಿಗೂ ನಗು ಹತ್ತಿಕೊಂಡಿತು. ನಕ್ಕು ನಕ್ಕು ಅವರಿಗೆ ಕೆಮ್ಮು ಬಂದು, ನಾನು ಬೆನ್ನು ನೀವಬೇಕಾಯಿತು.

ಅದು ನಮ್ಮಿಬ್ಬರ ಮಾತಾಯಿತು. ನಾನು ಸೈಟಿಗೆ ಹೊರಟರೆ, ಕಿಟ್ಕಿ ಮುಚ್ಲಾ ಅಂತ ಕೆಳಗಿನಿಂದ ಕೇಳುತ್ತಿದ್ದರು. ಮುಚ್ಚಬೇಡಿ ಅಂತ ನಾನು. ಆ ಎರಡು ಮಾತಿಗೆ ನಾನು ಸಂಜೆ ಬರುತ್ತೇನೆ, ನೀವು ಇರುತ್ತೀರಿ ಅನ್ನುವುದಕ್ಕಿಂತ ಬೇರೆ ಅರ್ಥ ಇರಲಿಲ್ಲ. ಮುಂದಿನ ಭಾನುವಾರ ಬೂತಿಗೆ ಹೋಗಿ, ಆ ಎರಡು ಪೆಟ್ಟಿಗೆಗಳನ್ನು ಲಾರಿಗೆ ಹಾಕಿ ಕಳಿಸಿಬಿಡಿ ಅಂದೆ. ಆ ಕಡೆಯಿಂದ ನನ್ನ ಗಂಡ ಸರಿ ಅಂದರು. ನನ್ನ ಮದುವೆ ಅಲ್ಲಿಗೆ ಮುಗಿಯಿತು. ಕಾಗದದ ಮೇಲೆ ಮುಗಿಯಲು ಮಾತ್ರ ಇನ್ನೂ ಸಮಯ ಹಿಡಿಯಿತು. ಕಂಪ್ಯೂಟರು ಎಂದಿನ ಹಾಗೆ ಖಾಲಿ ತೆರೆ ತೋರಿಸುತ್ತಲೇ ಇತ್ತು. ನಾನು ಎಂದಿನ ಹಾಗೆ ಬೈಯುತ್ತಲೇ ಅಂಗಡಿ ಹರಡುತ್ತಿದ್ದೆ. ಹೇಮಾವತಿ ಕೊನೆಗೂ ಮುಗಿಯಿತು.

ಬೇಸಿಗೆಗೆ ಸಂಸ್ಥೆಯ ಕೆಲಸವೂ ಮುಗಿಯಿತು. ಮೇಷ್ಟ್ರ ಜೀಪು ಬಂದು ಮಿಷಿನ್ನನ್ನು ತೆಗೆದುಕೊಂಡು ಹೋಯಿತು. ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು. ಖಾಲಿ ಕೋಣೆಯಲ್ಲಿ ತಾಯಮ್ಮ ಕಿಟಕಿಯ ಬಾಗಿಲು ಹಿಡಿದು ನಿಂತಿದ್ದರು.

"ಈಗ್ಲಾರ ಮುಚ್ಲಾ?" ಅಂದರು.

ಬೇಡ, ಬರ್ತೀನಲ್ಲ ಅಂದೆ. ತಮಾಷೆಗೆ ಅಂದೆ. ಅವರು ಕೈ ತೆಗೆದು, ಕಿಟಕಿಯ ಮೂಲೆಯ ಕಲ್ಲನ್ನು ಒತ್ತಿ ಸರಿಯಾಗಿ ಕೂರಿಸಿದರು.

ಬರಲಿಲ್ಲ. ಅವರ ಮನೆಗೆ ಫೋನಿರಲಿಲ್ಲ, ಅವರಿಗೆ ಓದು ಬರುತ್ತಿರಲಿಲ್ಲ. ಮುಂದಿನ ಬೇಸಿಗೆ ಹೋಗೋಣ ಅಂತ ಅಂದುಕೊಳ್ಳುತ್ತ ಬೇಸಿಗೆಗಳು ಹೋದವು.

ಈಗ ಹೋದಾಗ ಊರಿನ ಗುರುತು ಸಿಗಲು ಸ್ವಲ್ಪ ಹೊತ್ತಾಯಿತು. ಬಣವೆಯ ಜಾಗದಲ್ಲಿ ಮೊಬೈಲ್ ಅಂಗಡಿ. ತಾಯಮ್ಮನ ಮನೆ ಇತ್ತು, ಮುಂದಕ್ಕೆ ಎರಡು ಹೊಸ ಕೋಣೆ ಬೆಳೆದಿದ್ದವು. ಮುಂಬಾಗಿಲು ತೆರೆದೇ ಇತ್ತು. ನಾಗರಾಜನ ಹೆಂಡತಿ ಸವಿತಾ ಅಂತ, ಹಸನ್ಮುಖಿ, ಅಂಗಳದಲ್ಲಿ ಹಸುವಿಗೆ ನೀರು ಕುಡಿಸುತ್ತಿದ್ದಳು. ಹೆಸರು ಹೇಳುತ್ತಿದ್ದ ಹಾಗೆ ಅವಳ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ನಿಂತಿತು. ಗಿರ್ಜಮ್ಮನೋರಾ ಅಂದಳು. ಅತ್ತೆ ಹೋಗಿ ಎರಡು ವರ್ಷವಾಯಿತು ಅಂದಳು. ಆ ಮಾತು ಕೇಳಲು ಸಿದ್ಧಳಾಗಿಯೇ ಬಂದಿದ್ದೆ ಅಂದುಕೊಂಡಿದ್ದೆ, ಸಿದ್ಧಳಾಗಿರಲಿಲ್ಲ.

ಮೇಲಿನ ಕೋಣೆ ನೋಡಬಹುದಾ ಅಂತ ಕೇಳಿದೆ. ಅಲ್ಲೀಗ ಹಸುವಿನ ಹುಲ್ಲುಗತ್ತರಿ, ಮುರಿದ ಮಂಚ, ಮಕ್ಕಳ ಸೈಕಲ್ಲು, ಒಂದು ಹಳೆಯ ಕುರ್ಚಿ. ಎಲ್ಲವೂ ಒಂದೇ ಗೋಡೆಗೆ ಒತ್ತಿಕೊಂಡಿದ್ದವು. ನಾವು ಒಳಗೆ ಕಾಲಿಟ್ಟಾಗ ಹೊರಗೆ ಮೋಡ ಕಟ್ಟಿತ್ತು, ಮೆಟ್ಟಿಲ ಕಡೆಯಿಂದ ತಣ್ಣನೆ ಗಾಳಿ ಬೀಸಿ ಹನಿ ಶುರುವಾಯಿತು. ಬೆಟ್ಟದ ಕಡೆಯ ಕಿಟಕಿ ತೆರೆದಿತ್ತು. ಇರಚಲು ಒಳಗೆ ಬರುವುದನ್ನು ನೋಡಿ ಅಭ್ಯಾಸಬಲದಿಂದ ಹೋಗಿ ಬಾಗಿಲು ಹಿಡಿದು ಎಳೆದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಕೀಲುಗಳು ತುಕ್ಕು ಹಿಡಿದು ಕಬ್ಬಿಣವೆಲ್ಲ ಒಂದೇ ಮುದ್ದೆಯಾಗಿತ್ತು. ಕೆಳಗೆ ಬಾಗಿಲಿಗೆ ಒತ್ತಿದ ಹಾಗೆ ಅದೇ ಕಲ್ಲು.

"ಅದು ಮುಚ್ಚಾಕಿಲ್ಲ ಬುಡಿ," ಅಂದಳು ಸವಿತಾ. "ನಮ್ಮತ್ತೆ ಇರೋಗಂಟ ಮುಚ್ಚಾಕೇ ಬುಡ್ಲಿಲ್ಲ. ಎಂಥಾ ಮಳೆ ಬಂದ್ರೂವೆ. ನಮ್ಮ ಮನೆಯವ್ರು ರೇಗಾಡೋರು. ಗಿರ್ಜಮ್ಮ ಬತ್ತೀನಿ ಅಂದವ್ಳೆ, ಅವಳ ಕೆಲ್ಸ ಇಲ್ಲೇ ಅದೆ, ಬಂದಾಗ ಎಲ್ಲಿಗೆ ಬುಟ್ಟಿದ್ಲೋ ಅಲ್ಲಿಂದ್ಲೇ ಸುರು ಮಾಡ್ಲಿ ಬುಡು ಅನ್ನೋರು. ಈಗ ಮುಚ್ಬೇಕು ಅಂದ್ರೂ ಆಗಾಕಿಲ್ಲ."

ಮಳೆ ಜೋರಾಯಿತು. ಸವಿತಾ ಸೈಕಲ್ಲನ್ನು ಇನ್ನಷ್ಟು ಒಳಗೆ ಎಳೆದುಕೊಂಡು, ನೆನೀತೀರಿ, ಈ ಕಡೆ ಬನ್ನಿ ಅಂತ ಕರೆದಳು. ಗೋಡೆಯ ಕಡೆಯಿಂದ ಆ ಹಳೆಯ ಕುರ್ಚಿಯನ್ನು ಎತ್ತಿ ತಂದೆ. ಕಿಟಕಿಗೆ ಬೆನ್ನು ಕೊಟ್ಟು ಹಾಕಿದೆ.

"ಅಂಗೇ ಇರ್ಲಿ ಬುಡವ್ವ," ಅಂದೆ. ಕೂತುಕೊಂಡೆ. ಬೆನ್ನೆಲ್ಲ ಒದ್ದೆಯಾಗುತ್ತ ಬಂತು.